ಎರಡರ ಬಸ್ಸು, ಎರಡನೇ ಬಸ್ಸು

ಗಾಜಿಗೆ ಕೊರೆದಿದ್ದ ಆ ದುಂಡನೆಯ ತೂತು ಯಾರ ಬಾಯಿಗೂ ಸರಿಯಾದ ಎತ್ತರದಲ್ಲಿರಲಿಲ್ಲ. ಉದ್ದನೆಯ ಆಳುಗಳು ಸೊಂಟ ಬಗ್ಗಿಸಬೇಕು, ಗಿಡ್ಡಗಿದ್ದವರು ತುದಿಗಾಲಲ್ಲಿ ನಿಲ್ಲಬೇಕು, ನಡುವಿನವರು ಬಾಯಿ ಇಟ್ಟರೆ ಒಳಗೆ ಕೂತವರ ಮುಖ ಕಾಣುವುದಿಲ್ಲ, ಮುಖ ನೋಡುತ್ತ ಮಾತಾಡಿದರೆ ಮಾತು ಒಳಗೆ ಹೋಗುವುದಿಲ್ಲ. ಅದಕ್ಕೇ ಏನೋ, ಬಸ್‌ಸ್ಟ್ಯಾಂಡಿನ ಆ ಕೌಂಟರಿಗೆ ಬಂದವರೆಲ್ಲ ಯಾವುದೋ ತಪ್ಪು ಮಾಡಿ ಒಪ್ಪಿಕೊಳ್ಳಲು ಬಂದವರ ಹಾಗೆ ಅವಳಿಗೆ ಕಾಣುತ್ತಿದ್ದರು. ತೂತಿನ ನೆತ್ತಿಯ ಮೇಲೆ ‘ವಿಚಾರಣೆ’ ಎಂದು ಬರೆದ ಹಲಗೆ. ಮದುವೆಯಾದ ಹೊಸತರಲ್ಲಿ ಗಂಡ ಒಮ್ಮೆ ಅವಳು ಮರೆತುಬಂದ ಕೊಡೆ ಕೊಡಲು ಬಂದವನು ಆ ಹಲಗೆ ನೋಡಿ, “ಇದೇ ಮಾತು ಕೋರ್ಟಲ್ಲೂ ಇರುತ್ತೆ ಕಣೇ. ಅಲ್ಲಿ ಒಳಗೆ ಕೂತೋರು ಕೇಳ್ತಾರೆ, ಎದುರಿಗೆ ನಿಂತೋರು ಹೇಳ್ತಾರೆ. ನಿಂದು ಉಲ್ಟಾ, ಎದುರಿಗೆ ನಿಂತೋರು ಕೇಳ್ತಾರೆ, ನೀನು ಹೇಳ್ಬೇಕು. ಹಾಗಾದ್ರೆ ಇಲ್ಲಿ ಅಪರಾಧಿ ಯಾರು?” ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಗ ಅದು ಬರೀ ತಮಾಷೆಯಾಗಿತ್ತು. ಈಚೆಗೆ ಬೆಳಗ್ಗೆ ಬೀಗ ತೆಗೆದು ಒಳಗೆ ಹೋಗುವಾಗ ಆ ಹಲಗೆಯ ಕೆಳಗೆ ತಲೆ ತಾನಾಗಿಯೇ ತಗ್ಗುತ್ತಿತ್ತು. ಬಾಗಿಲೇನೂ ಗಿಡ್ಡವಾಗಿರಲಿಲ್ಲ.

ಕಂಡಕ್ಟರುಗಳು ಅವಳನ್ನು ವಿಚಾರಣಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು. ಕೇಳಲು ಬರುವವರಲ್ಲಿ ಅರ್ಧಕ್ಕರ್ಧ ಜನ ದೀಪದ ಬಂಡೆಗೆ ಹೋಗುವವರು. ಸಮುದ್ರದೊಳಗೆ ನಿಂತ ಒಂದು ದೊಡ್ಡ ಬಂಡೆ, ಅದರ ಮೇಲೆ ಯಾವ ಕಾಲದಲ್ಲೋ ಆರಿಹೋದ ದೀಪಸ್ತಂಭ, ದೀಪ ಕಾಯುವವನಿದ್ದ ಸೂರಿಲ್ಲದ ಮನೆ. ನೀರು ಇಳಿದಾಗ ದಡದಿಂದ ಅಲ್ಲಿಗೆ ಒಂದು ಮರಳಿನ ಹಾದಿ ಏಳುತ್ತೆ. ನೀರು ಏರಿದಾಗ ಹಾದಿ ಇತ್ತು ಅಂದರೆ ಯಾರೂ ನಂಬುವುದಿಲ್ಲ. ನೀರಿನ ಹೊತ್ತು ದಿನಕ್ಕೊಂದು ಥರ. ಅಲ್ಲಿ ದಡದಲ್ಲಿ ಅಂಗಡಿ ಇಟ್ಟುಕೊಂಡ ಸೋಡದವಳು ಮಾರನೇ ದಿನದ ಹೊತ್ತನ್ನು ಸಂಜೆ ಬಸ್ಸಿನ ಡ್ರೈವರ ಬಾಯಲ್ಲಿ ಹೇಳಿ ಕಳಿಸುತ್ತಾಳೆ, ಡ್ರೈವರು ಇವಳಿಗೆ ಹೇಳುತ್ತಾನೆ, ಇವಳು ಲೋಕಕ್ಕೆ ಹೇಳುತ್ತಾಳೆ. ಅಲ್ಲಿಂದ ವಾಪಸ್ಸು ಬರಲು ಇರುವುದು ಎರಡೇ ಬಸ್ಸು. ಮಧ್ಯಾಹ್ನ ಎರಡಕ್ಕೊಂದು, ಸಂಜೆಗೊಂದು. ಬೆಳಗ್ಗೆ ಜನರನ್ನು ಇಳಿಸಿದ ಬಸ್ಸು ಇಳಿಸಿದ ಕೈಯಲ್ಲೇ ತಿರುಗಿಕೊಂಡು ಬರುತ್ತೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಥ ದಿನ ಎರಡರ ಬಸ್ಸಿಗೆ ಬಂದುಬಿಡಿ, ಇಂಥ ದಿನ ಸಂಜೆ ತನಕ ಇರಬಹುದು, ಬಸ್ಸಿಳಿದು ಎಡಕ್ಕೆ ಹೋಗಿ, ಹಾದಿಯ ನಡುವೆಯೇ ನಡೀರಿ, ಅಂಚು ಕುಸಿಯುತ್ತೆ, ಬೆತ್ತವೋ ಕೊಡೆಯೋ ಕೈಲಿರಲಿ. ಎಷ್ಟು ನಿಖರವಾಗಿ ಹೇಳುತ್ತಿದ್ದಳು ಅಂದರೆ ಕೇಳಿದವರು, “ನೀವು ಅದೇ ಕಡೆಯವರಾ?” ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ಆ ಕಡೆಗೆ ಅವಳು ಒಂದು ದಿನವೂ ಹೋದವಳಲ್ಲ. ರಜೆ ಸಿಕ್ಕರೆ ಬಟ್ಟೆ ಒಗೆಯುವುದಿತ್ತು. ಮೇಲಾಗಿ ದಿನವಿಡೀ ಬಸ್ಸಿನ ಹೆಸರು ಕೂಗುವವಳಿಗೆ ಬಸ್ಸು ಹತ್ತುವ ಆಸೆ ಎಲ್ಲಿಂದ ಬರಬೇಕು?

ಅವತ್ತು ಬೆಳಗ್ಗೆ ಫ್ಲಾಸ್ಕು ತೊಳೆಯುವಾಗಿನಿಂದ ಅವಳ ತಲೆಯಲ್ಲಿ ಕೂತಿದ್ದದ್ದು ಬಂಡೆಯಲ್ಲ, ಒಂದು ‘ಹೂಂ’. ಭಾವ ತೀರಿಹೋದ ಮೇಲೆ ಅಕ್ಕ ಒಂದು ಸಂಜೆ ಫೋನು ಮಾಡಿದ್ದಳು. ಅದೂ ಇದೂ ಮಾತಾಡಿದಳು. ಹಿತ್ತಲ ಬೆಕ್ಕು ಮರಿ ಹಾಕಿದ್ದು, ಮೈದುನನ ಹೆಂಡತಿ ಪಾತ್ರೆ ಎತ್ತಿ ಕುಕ್ಕುವ ಸದ್ದು, ಕಣ್ಣಿನ ಡಾಕ್ಟರು. ಆಮೇಲೆ ತೀರಾ ಹಗುರವಾಗಿ, ಚೀಲದ ತಳದಲ್ಲಿ ಉಳಿದ ಒಂದು ನಿಂಬೆಹಣ್ಣು ತೆಗೆದಿಟ್ಟ ಹಾಗೆ, “ನಾನು ಬಂದು ನಿನ್ನ ಜೊತೆ ಇದ್ದುಬಿಡ್ಲೇನೇ?” ಅಂದಳು. ಇವಳು ಹೂಂ ಅಂದಳು. ಅಂದದ್ದು ಸುಳ್ಳಲ್ಲ, ದೇವರಾಣೆಗೂ ಹೂಂ ಅಂತಲೇ ಅಂದಳು. ಆದರೆ ಎಂಥ ಹೂಂ? ಅಂಗಡಿಯವನು ‘ಬೇರೇನು ಬೇಕು’ ಎಂದು ಕೇಳಿದಾಗ ಯೋಚಿಸುತ್ತ ಅನ್ನುವ ಹೂಂ. ಒಂದೇ ಕೋಣೆ, ಗಂಡನ ಕೆಮ್ಮು, ಮಂಚ ಎಲ್ಲಿ ಹಾಕುವುದು, ಇಷ್ಟೂ ಆ ಹೂಂ ಒಳಗೆ ಇಣುಕಿಬಿಟ್ಟವು. ಅಕ್ಕ, “ಆಯ್ತು ಬಿಡು, ಹಾಗೇ ಕೇಳ್ದೆ,” ಎಂದಳು. ಆಮೇಲಿಂದ ಫೋನಿನಲ್ಲಿ ಬೆಕ್ಕಿನ ವಿಷಯ ಮಾತ್ರ. ಮಾತು ತಪ್ಪಿದ್ದರೆ ಕ್ಷಮಿಸು ಅನ್ನಬಹುದಿತ್ತು. ಮಾತು ಸರಿಯಾಗಿದ್ದು ಸ್ವರ ತಪ್ಪಿದರೆ ಏನಂತ ಕ್ಷಮೆ ಕೇಳುವುದು?

ತೂತಿನಲ್ಲಿ ಒಂದು ಬಾಯಿ ಬಂದು ನಿಂತಿತ್ತು. ಬಾಯಿಯ ಹಿಂದೆ ಇನ್ನೊಂದು ಬಾಯಿ.

“ಅಮ್ಮಾ, ದೀಪದ ಬಂಡೆಗೆ ಹೋಗೋಕೆ…”

“ಜೋರಾಗಿ ಕೇಳೇ, ಗಾಜಿದೆ,” ಎಂದಿತು ಹಿಂದಿನ ಬಾಯಿ.

“ಕೇಳ್ತಾ ಇದೀನಲ್ಲಕ್ಕಾ.”

“ಏನಂತೆ?”

“ಇನ್ನೂ ಕೇಳೇ ಇಲ್ಲ, ಏನಂತೆ ಅಂದ್ರೆ ಏನು ಹೇಳ್ಲಿ?”

ಇಬ್ಬರೂ ತಲೆ ನರೆತ ಹೆಂಗಸರು, ಅಕ್ಕತಂಗಿಯರು ಎನ್ನುವುದನ್ನು ಮೂಗೇ ಹೇಳುತ್ತಿತ್ತು. ಚಿಕ್ಕಾಕೆಯ ಹೆಗಲಲ್ಲಿ ಬಟ್ಟೆಯ ಚೀಲ, ದೊಡ್ಡಾಕೆಯ ಕೈಯಲ್ಲಿ ಕೊಡೆ. ದೊಡ್ಡಾಕೆಗೆ ಕಿವಿ ಮಂದ. ಬಂಡೆಯಲ್ಲಿ ಏನು ನೋಡಬೇಕು, ಎಷ್ಟು ಹೊತ್ತು ಬೇಕು, ಕಾಲು ನೋವಿದ್ದವರು ನಡೆಯಬಹುದಾ ಎಂದು ಚಿಕ್ಕಾಕೆ ಒಂದೊಂದಾಗಿ ಕೇಳಿದಳು. ವಿಚಾರಣಕ್ಕ ಹೇಳಿದಳು. ಅವಳು ಕೇಳದಿದ್ದದ್ದನ್ನೂ ಗಾಜಿನ ಆಚೆಯವರು ಹೇಳಿದರು. ಅವರ ಅಪ್ಪನ ಮನೆಯ ಗೋಡೆಯಲ್ಲಿ ಈ ಬಂಡೆಯದೊಂದು ಕ್ಯಾಲೆಂಡರು ಇತ್ತಂತೆ. ವರ್ಷ ಮುಗಿದು ತಿಂಗಳುಗಳನ್ನೆಲ್ಲ ಹರಿದು ಬಿಸಾಕಿದ ಮೇಲೂ ಚಿತ್ರ ಮಾತ್ರ ಅಲ್ಲೇ ಉಳಿಯಿತಂತೆ. ಆ ಗೋಡೆಗೆ ಒರಗಿಯೇ ಇಬ್ಬರೂ ಜಡೆ ಹಾಕಿಸಿಕೊಂಡದ್ದಂತೆ. “ಜಗಳ ಆದಾಗೆಲ್ಲ ಇವಳು, ನಾನು ಆ ಚಿತ್ರದ ಮನೇಗೆ ಹೋಗ್ಬಿಡ್ತೀನಿ, ನೀನು ಬರಕೂಡದು ಅಂತಿದ್ಲು,” ಎಂದಳು ದೊಡ್ಡಾಕೆ, ಕೇಳಿಸದವರು ಮಾತಾಡುವ ಎತ್ತರದ ದನಿಯಲ್ಲಿ. “ಈಗ ನಾನೇ ಕರ್ಕೊಂಡು ಹೋಗ್ತಾ ಇದೀನಿ. ಬಿಟ್ಟು ಬರ್ತೀನಿ.” ಚಿಕ್ಕಾಕೆ ನಕ್ಕಳು. ವಿಚಾರಣಕ್ಕ ನಗಲಿಲ್ಲ. ಅಕ್ಕತಂಗಿಯರ ನಗು ಅವತ್ತು ಅವಳಿಗೆ ಬೇಡವಾಗಿತ್ತು.

“ಇವತ್ತು ನೀರು ಬೇಗ ಏರುತ್ತೆ. ಎರಡರ ಬಸ್ಸಿಗೆ ಬಂದ್ಬಿಡಿ,” ಎಂದಳು ಸ್ವಲ್ಪ ಬಿರುಸಾಗಿಯೇ. ಅಷ್ಟರಲ್ಲಿ ಚಿಕ್ಕಾಕೆ ಬಾಳೆಹಣ್ಣು ತರುತ್ತೇನೆಂದು ಆಚೆ ಹೋಗಿಯಾಗಿತ್ತು. ದೊಡ್ಡಾಕೆ ಗಾಜಿಗೆ ಕಿವಿಯಿಟ್ಟು ನಿಂತಿದ್ದಳು. ಇವಳ ಬೆನ್ನ ಹಿಂದಿನ ಬಾಗಿಲಿನಿಂದ ಬಂಡೆ ಬಸ್ಸಿನ ಕಂಡಕ್ಟರು ತಲೆ ಹಾಕಿ, “ವಿಚಾರಣಕ್ಕಾ, ವಾಪಸ್ ಬಂದು ನಿಮ್ಮ ಫ್ಲಾಸ್ಕಿಗೆ ಕೈ ಹಾಕ್ತೀನಿ. ಒಂದು ಲೋಟ ಟೀ ಉಳಿಸಿರ್ತೀರಾ?” ಎಂದ. ದೊಡ್ಡಾಕೆ ಕಿವಿ ತೆಗೆದು ಬಾಯಿಟ್ಟು ಏನೋ ಕೇಳಿದಳು. ಇವಳು ಹೂಂ ಅಂದಳು. ದೊಡ್ಡಾಕೆ, “ಬರ್ತೀವಮ್ಮಾ,” ಎಂದು ಕೊಡೆ ಎತ್ತಿ ತೋರಿಸಿ ಹೋದಳು.

ಬೆಳಗು ಅದರ ಪಾಡಿಗೆ ಅದು ನಡೆಯಿತು. ಮಗುವಿನ ಚಪ್ಪಲಿ ಬಸ್ಸಿನಲ್ಲೇ ಉಳಿಯಿತೆಂದು ಒಬ್ಬಳು ಅತ್ತಳು. ಬಸ್ಸು ಹೋಗಿಬಿಟ್ಟಿದೆ ಎಂದಿದ್ದಕ್ಕೆ ಒಬ್ಬ, “ಹೋಗಿದೆ ಅಂತ ಹೇಳೋಕೆ ನಿಮಗೆ ಸಂಬಳನಾ? ಅದು ನನಗೂ ಕಾಣುತ್ತೆ,” ಎಂದು ತೂತಿಗೆ ಬಾಯಿಟ್ಟು ಹೇಳಿ ಹೋದ. ಒಳಗಿದ್ದವಳು ಮುಖ ಒರೆಸಿಕೊಂಡಳು. ಬೈಗುಳದ ಜೊತೆಗೆ ಎಂಜಲೂ ಬರುತ್ತೆ, ಗಾಜು ಒರೆಸುವವರು ಹೊರಗಿನ ಕಡೆ ಮಾತ್ರ ಒರೆಸುತ್ತಾರೆ. ಸ್ಟ್ಯಾಂಡಿನ ಕಂಟ್ರೋಲರು, ಬಸ್ಸುಗಳನ್ನು ಹೊರಡಿಸುವ ಸಾಹೇಬರು, ಹೊಟ್ಟೆ ಸವರಿಕೊಂಡು ಬಂದು ಮೈಕು ಸರಿಯಿಲ್ಲ ಎಂದು ಹೇಳಿ ಹೋದರು. ಮೈಕು ಸರಿಯಾಗೇ ಇತ್ತು, ಅವಳೇ ಬಾಯಿ ದೂರವಿಟ್ಟು ಕೂಗಿದ್ದಳು. ಹೀಗಿರುವಾಗ ಬಂಡೆ ಬಸ್ಸು ವಾಪಸ್ಸು ಬಂತು. ಕಂಡಕ್ಟರು ಒಳಗೆ ಬಂದವನೇ ಫ್ಲಾಸ್ಕು ಎತ್ತಿ ಅಲ್ಲಾಡಿಸಿದ.

“ಇದೇನಕ್ಕಾ, ಖಾಲಿ! ಹೂಂ ಅಂದಿದ್ರಲ್ಲ?”

“ನಿನಗಾ? ಹೌದು… ಹೂಂ ಅಂದೆ. ಮರೆತುಹೋಯ್ತು ಕಣೋ.”

“ದೊಡ್ಡೋರ ಮಾತು ನಂಬಿದ್ರೆ ಇಷ್ಟೇ.” ಅವನು ಬೆಂಚಿನ ಮೇಲೆ ಕೂತು ಕಾಲು ಚಾಚಿದ. “ಆ ಕಿವುಡಜ್ಜಿ ಇದಾರಲ್ಲ, ಭಾರಿ ಗಟ್ಟಿ ಜೀವ. ಇಳಿಯೋವಾಗ, ಎರಡನೇ ಬಸ್ಸಿಗೆ ಬರ್ತೀವಿ ಕಣಪ್ಪಾ, ಸೀಟು ಇಟ್ಟಿರು, ಸಂಜೇದು ತಾನೆ ಎರಡನೇದು ಅಂದ್ರು. ಹೌದಜ್ಜಿ, ಸಂಜೇದೇ ಅಂದೆ.”

“ಎರಡನೇ ಬಸ್ಸು ಅಂದ್ರಾ?”

“ವಿಚಾರಣೆಯವರನ್ನೇ ಕೇಳಿದೀನಿ, ಹೂಂ ಅಂದಿದಾರೆ ಅಂದ್ರಪ್ಪ. ಯಾಕೆ?”

“ಏನಿಲ್ಲ.”

ಏನಿಲ್ಲ ಎಂದಮೇಲೆ ಅವನು ಟೀ ಹುಡುಕಿಕೊಂಡು ಹೊರಗೆ ಹೋದ. ಅವಳು ಗಾಜು ನೋಡುತ್ತ ಕೂತಳು. ಇಬ್ಬರು ಕೇಳಿದರು, ಒಂದು ಹೂಂ ಅಂದಳು. ಬೆನ್ನ ಹಿಂದೆ ಟೀ ಕೇಳಿದವನಿಗೆ ಅಂದ ಹೂಂ ಬೆನ್ನ ಹಿಂದಕ್ಕೆ ಹೋಗದೆ ಎದುರಿನ ತೂತಿನಿಂದ ಹೊರಗೆ ಹೋಯಿತು. ಎರಡನೇ ಬಸ್ಸಾ ಎಂದು ಕೇಳಿರಬೇಕು ಆ ಮುದುಕಿ. ಎರಡರ, ಎರಡನೇ. ಕಿವಿ ಮಂದವಾದವರಿಗೆ ಇರಲಿ, ಕಿವಿ ನೆಟ್ಟಗಿದ್ದವರಿಗೂ ಆ ಗಾಜಿನ ಆಚೆಯಿಂದ ಎರಡೂ ಒಂದೇ. ಸಂಜೆ ಬಸ್ಸು ಬರುವ ಹೊತ್ತಿಗೆ ಹಾದಿ ಎಲ್ಲಿರುತ್ತೆ? ಬಂಡೆಯ ಮೇಲೇ ಕೂತಿದ್ದರೆ ಸರಿ, ನೆನೆದು ಹೆದರಿ ಹೇಗೋ ಕೂತಿರಬಹುದು. ಬಸ್ಸು ತಪ್ಪುತ್ತದೆಂದು ಅರ್ಧ ಮುಳುಗಿದ ಹಾದಿಗೆ ಇಳಿದರೆ? ಸೀಟು ಇಟ್ಟಿರು ಎಂದು ಬೇರೆ ಹೇಳಿದ್ದಾಳೆ, ಮಾತಿಗೆ ತಪ್ಪದ ಹೆಂಗಸು. ಅವಳು ಸೋಡದವಳಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಅದೇ ಹೆಂಗಸಿನ ದನಿ, ಅದೇ ವಿನಯ. ತಾನೂ ಮೈಕಿನಲ್ಲಿ ಹೀಗೇ ಕೇಳಿಸುತ್ತೇನೇನೋ ಎನಿಸಿತು, ಯಾರು ಮುಳುಗಿದರೂ ಒಂದೇ ರಾಗ.

ಕಂಡಕ್ಟರಿಗೆ ಹೇಳಬಹುದಿತ್ತು. ‘ತಪ್ಪಾಗಿದೆ ಕಣೋ, ಹೋದಮೇಲೆ ಅವರನ್ನ ಕರ್ಕೊಂಡು ಬಾ’ ಎಂದರೆ ಸಾಕಿತ್ತು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಅವನು ಹೊರಗೆ ನಾಲ್ಕು ಜನ ಡ್ರೈವರುಗಳ ನಡುವೆ ನಿಂತು ಖಾಲಿ ಫ್ಲಾಸ್ಕಿನ ಕಥೆಯನ್ನು ರೆಕ್ಕೆಪುಕ್ಕ ಕಟ್ಟಿ ಹೇಳುತ್ತಿದ್ದ. “ಹೂಂ ಅಂದ್ರೆ ಹೂಂ ಅಲ್ಲ ಕಣ್ರೋ, ವಿಚಾರಣಕ್ಕನ ಹೂಂ ಅಂದ್ರೆ ಊಹೂಂ!” ಎಲ್ಲರೂ ನಕ್ಕರು. ಆ ನಗುವಿನ ಮೇಲೆ ಈ ಮಾತು ಹಾಕಲು ಅವಳಿಂದಾಗಲಿಲ್ಲ. ಕಂಟ್ರೋಲರ ಹತ್ತಿರ ಹೋಗಿ ತಲೆನೋವು, ಅರ್ಧ ದಿನ ರಜೆ ಬೇಕು ಎಂದಳು.

“ನೀವು ಹೋದ್ರೆ ಜನ ಯಾರನ್ನ ಕೇಳ್ಬೇಕಮ್ಮಾ?”

“ನೀವೇ ಕೂತ್ಕೊಳ್ಳಿ ಸಾರ್.”

“ನನಗೇನು ಗೊತ್ತು ಯಾವ ಬಸ್ಸು ಎಲ್ಲಿ ಹೋಗುತ್ತೆ ಅಂತ?” ಎಂದರು ಅವರು, ಬಸ್ಸುಗಳನ್ನು ಹೊರಡಿಸುವ ಸಾಹೇಬರು. ಬೇರೆ ದಿನವಾಗಿದ್ದರೆ ಈ ಮಾತನ್ನು ಮನೆಗೆ ಒಯ್ದು ಗಂಡನಿಗೆ ಹೇಳಿ ನಗಬಹುದಿತ್ತು.

ಬಂಡೆ ಬಸ್ಸು ಮತ್ತೆ ಹೊರಟಾಗ ಅವಳು ಅದರೊಳಗಿದ್ದಳು. ಇದೇ ಬಸ್ಸು ಅಲ್ಲಿಂದ ಎರಡಕ್ಕೆ ತಿರುಗುವುದು. ಕಂಡಕ್ಟರು ಟಿಕೆಟ್ಟು ಹರಿಯುತ್ತ ಬಂದವನು ಅವಳನ್ನು ನೋಡಿ ನಿಂತೇಬಿಟ್ಟ. “ಅಕ್ಕಾ! ತಲೆನೋವು ಅಂದ್ರಂತೆ?”

“ಗಾಳಿಗೆ ಹೋದ್ರೆ ಕಮ್ಮಿ ಆಗುತ್ತೇನೋ ಅಂತ. ಹಾಗೇ ಬಂಡೆ ನೋಡ್ಕೊಂಡು ಬರೋಣ.”

“ನೋಡಿಲ್ವಾ ನೀವು?”

ಮುಂದಿನ ಸೀಟಿನವರು ತಿರುಗಿ ನೋಡಿದರು. ಅವರಲ್ಲೊಬ್ಬನಿಗೆ ಬೆಳಗ್ಗೆಯಷ್ಟೇ ಅವಳು ಬಂಡೆಯ ಬಗ್ಗೆ ಅಂಗುಲ ಅಂಗುಲವಾಗಿ ಹೇಳಿ, ತಡವಾಗಿ ಹೋದರೆ ದಡದಿಂದಲೇ ನೋಡಿ ಎಂದಿದ್ದಳು. ಅವನ ಹೆಂಡತಿ ಅವನ ಕಿವಿಯಲ್ಲಿ ಏನೋ ಅಂದಳು, ಅವನ ಭುಜ ಕುಲುಕಿತು. “ಇಲ್ಲ,” ಎಂದಳು ಅವಳು. ಬಸ್ಸಿನೊಳಗೆ ಗಾಜಿಲ್ಲ, ತೂತಿಲ್ಲ; ತನ್ನ ದನಿ ಇಷ್ಟು ಸಣ್ಣದೆಂದು ಅವಳಿಗೇ ಗೊತ್ತಿರಲಿಲ್ಲ. ದಿನಾ ಕೂಗುವ ಹೆಸರುಗಳು ಒಂದೊಂದಾಗಿ ಕಿಟಕಿಯಲ್ಲಿ ಬಂದವು: ಮುರಿದ ಬೆಂಚು, ಪೆಟ್ರೋಲು ಬಂಕು, ಒಂದು ಗೋಡೆ, ಗೋಡೆಯ ಮೇಲೆ ಕೂತ ಎರಡು ಕೋಳಿ. ಇಷ್ಟೇನಾ ಇವು? ಮೈಕಿನಲ್ಲಿ ಎಷ್ಟು ದೊಡ್ಡದಾಗಿ ಕೇಳಿಸುತ್ತಿದ್ದವು. ಅಕ್ಕನ ಊರಿನ ಹೆಸರನ್ನೂ ಅವಳು ದಿನಾ ಕೂಗುತ್ತಾಳೆ, ಮೂರು ಸಲ. ಕೂಗುವಾಗ ಅದು ಅಕ್ಕನ ಊರೆಂದು ನೆನಪಾಗುವುದಿಲ್ಲ, ಬಸ್ಸಿನ ಹಣೆಯ ಮೇಲಿನ ಪಟ್ಟಿ ಅಷ್ಟೇ. ಇಬ್ಬರೂ ಚಿಕ್ಕವರಿದ್ದಾಗ ಒಂದೇ ಹೊದಿಕೆ. ಅಕ್ಕ ನಿದ್ದೆಗಣ್ಣಿನಲ್ಲೇ, “ಚಳಿಯಾ?” ಎನ್ನುತ್ತಿದ್ದಳು. ಇವಳು ನಿದ್ದೆಯಲ್ಲೇ ಹೂಂ ಎನ್ನುತ್ತಿದ್ದಳು. ಆ ಹೂಂ ಅನ್ನು ಅಕ್ಕ ಒಂದು ಸಲವೂ ತಪ್ಪಾಗಿ ತಿಳಿದಿರಲಿಲ್ಲ, ಹೊದಿಕೆ ಈ ಕಡೆಗೆ ಸರಿಯುತ್ತಿತ್ತು.

ಬಸ್ಸಿಳಿದು ಎಡಕ್ಕೆ ತಿರುಗಿದಳು. ಎಡಕ್ಕೆ ಒಂದು ಮೋರಿ, ಮುಳ್ಳು ತಂತಿ.

“ಅಕ್ಕಾ, ಆ ಕಡೆ ಅಲ್ಲ, ಬಲಕ್ಕೆ!” ಎಂದು ಕಂಡಕ್ಟರು ಕೂಗಿದ. “ನಿಲ್ದಾಣ ಆಚೆ ಬದಿಗೆ ಹಾಕಿ ಯಾವ ಕಾಲ ಆಯ್ತು!”

ಇಷ್ಟು ವರ್ಷ ಎಡಕ್ಕೆ ಎಂದು ಹೇಳಿದ್ದಳು. ಇಷ್ಟು ವರ್ಷ ಜನ ಇಳಿದು, ಮೋರಿ ನೋಡಿ, ಯಾರನ್ನೋ ಕೇಳಿ ಬಲಕ್ಕೆ ಹೋಗಿದ್ದಾರೆ. ಒಬ್ಬರೂ ವಾಪಸ್ಸು ಬಂದು ಹೇಳಲಿಲ್ಲ. ಬೈಯುವವರೆಲ್ಲ ಹೋಗುವಾಗಲೇ ಬೈದು ಹೋಗುತ್ತಾರೆ, ಹೋಗಿ ಬಂದವರಿಗೆ ವಿಚಾರಣೆಯ ಹಂಗೇನು? ಒಂದು ಕ್ಷಣ ಅವಳಿಗೆ ಹಗುರವೆನಿಸಿತು: ಯಾರೂ ತನ್ನ ಮಾತು ನಂಬಿ ನಡೆಯುವುದಿಲ್ಲ ಹಾಗಾದರೆ. ಮರುಕ್ಷಣವೇ ಅದರ ಎರಡರಷ್ಟು ಭಾರವಾಯಿತು. ನಂಬಿದ ಇಬ್ಬರು ಅಲ್ಲಿದ್ದಾರೆ.

ಸೋಡದವಳು ಅಂಗಡಿಯ ಮುಂದೆ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಆಗೀಗ ಫೋನಿನಲ್ಲಿ ಕೇಳಿದ ದನಿಯಿಂದ ಮಾತ್ರ ಗೊತ್ತಿದ್ದವಳು. ಮುಖ ನೋಡಿದರೆ ದನಿಗಿಂತ ಚಿಕ್ಕವಳು.

“ಇಬ್ಬರು ಅಜ್ಜೀರು ಬಂದಿದ್ರಾ? ಒಬ್ರಿಗೆ ಕಿವಿ ಕೇಳ್ಸಲ್ಲ.”

“ಅಗೋ, ಅಲ್ಲೇ ಇದಾರೆ.” ಅವಳು ಗದ್ದ ಎತ್ತಿ ತೋರಿಸಿದಳು. “ನಾನೂ ಹೇಳ್ದೆ ತಾಯಿ, ಬೇಗ ಬನ್ನಿ ಅಂತ. ಹೇ, ವಿಚಾರಣೆಯವರೇ ಸಂಜೆ ತನಕ ಇರಿ ಅಂದಿದಾರೆ, ನಿಂದೇನು ಅಂದ್ಬಿಟ್ರು ದೊಡ್ಡಮ್ಮ. ಹಲಗೆ ಹಾಕ್ಕೊಂಡು ಕೂತೋರ ಮಾತಿನ ಮುಂದೆ ಸೋಡದವಳ ಮಾತು ನಡೆಯುತ್ತಾ? ಎದ್ದು ಹೋಗಿ ಕರೀಬೇಕು ಅಂದ್ರೆ ಈ ಮಂಡಿ. ಫೋನು ನೋಡಿದ್ರೆ ಚಾರ್ಜಿಲ್ಲ. ಬಸ್ಸಿನೋನಿಗೇ ಹೇಳೋಣ ಅಂತ ಕಾಯ್ತಾ ಇದ್ದೆ. ನೀವು ಅವರ ಕಡೆಯವರಾ?”

“ಹೂಂ,” ಎಂದಳು.

ಬಂಡೆ ಅವಳು ಹೇಳುತ್ತಿದ್ದ ಹಾಗೇ ಇತ್ತು, ಅದೇ ಆಶ್ಚರ್ಯ. ಸ್ತಂಭ, ಸೂರಿಲ್ಲದ ಮನೆ, ಮನೆಯ ಗೋಡೆಗೆ ಒರಗಿ ಕೂತ ಎರಡು ಚುಕ್ಕೆ. ಹಾದಿ ಮಾತ್ರ ಮಾತಿಗಿಂತ ಸಪೂರವಾಗಿತ್ತು, ಎರಡೂ ಅಂಚಿನಲ್ಲಿ ನೀರು ನಾಲಗೆ ಚಾಚಿ ಒಳಗೆಳೆದುಕೊಳ್ಳುತ್ತಿತ್ತು. ಕೂಗಿದಳು. ಗಾಳಿ ಅವಳ ಕೂಗನ್ನು ತಂದು ಅವಳ ಮುಖಕ್ಕೇ ಹಾಕಿತು. ಚಪ್ಪಲಿ, ಚೀಲ ಸೋಡದವಳ ಅಂಗಡಿಯಲ್ಲಿ ಬಿಟ್ಟು, ಬಟ್ಟೆ ಮಂಡಿಗೆ ಎತ್ತಿ ಕಟ್ಟಿ, ಹಾದಿಗೆ ಇಳಿದಳು. ನಡುವೆಯೇ ನಡೀರಿ, ಅಂಚು ಕುಸಿಯುತ್ತೆ. ತನ್ನದೇ ದನಿ ಹಿಂದಿನಿಂದ ಹೇಳಿತು. ನಡುವೆಯೇ ನಡೆದಳು. ನಡುವೂ ಕುಸಿಯುತ್ತಿತ್ತು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳು ಯಾರಿಗೂ ಹೇಳಿರಲಿಲ್ಲ. ಅರ್ಧ ದಾರಿಯ ತಗ್ಗಿನಲ್ಲಿ ನೀರು ಆಗಲೇ ಹಾದಿ ದಾಟುತ್ತಿತ್ತು, ಕಣಕಾಲಿನವರೆಗೆ, ತಣ್ಣಗೆ, ಅವಸರವಿಲ್ಲದೆ. ಹಿಂದೆ ತಿರುಗಿ ಬಸ್ಸು ನೋಡಿದಳು. ಹೋಗಿ ಹೇಳಿದರಾಯಿತು, ಅವನು ಹುಡುಗ, ಓಡುತ್ತಾನೆ, ತಾನು ಇಲ್ಲೇ ನಿಲ್ಲಬಹುದು. ನಿಲ್ಲಲಿಲ್ಲ. ಧೈರ್ಯವೇನಲ್ಲ ಅದು, ನಿಂತರೆ ಕಾಲ ಕೆಳಗಿನ ಮರಳು ಹೋಗುತ್ತಿತ್ತು.

ಬಂಡೆಯ ಮೇಲೆ ಅಕ್ಕತಂಗಿಯರು ಬಾಳೆಹಣ್ಣಿನ ಸಿಪ್ಪೆಯನ್ನು ನೀಟಾಗಿ ಮಡಿಸಿ ಚೀಲಕ್ಕೆ ಹಾಕುತ್ತಿದ್ದರು. ಚಿಕ್ಕಾಕೆಯ ಮುಖ ಬಿಳಿಚಿತ್ತು, ಅವಳು ನೀರನ್ನೇ ನೋಡುತ್ತಿದ್ದಳು.

“ಏಳಿ, ಏಳಿ, ನೀರು ಬರ್ತಾ ಇದೆ. ಎರಡರ ಬಸ್ಸಿಗೇ ಹೋಗ್ಬೇಕು.”

“ನಾನೂ ಅದೇ ಬಡ್ಕೊಂಡೆ,” ಎಂದಳು ಚಿಕ್ಕಾಕೆ. “ಅಕ್ಕ ಕೇಳ್ಬೇಕಲ್ಲ.”

“ಯಾರಮ್ಮಾ ನೀನು?” ಎಂದಳು ದೊಡ್ಡಾಕೆ.

ಅವಳು ಬಾಯಿ ತೆರೆದಳು. ತನ್ನ ಹೆಸರು ಹೇಳಿ ಉಪಯೋಗವಿರಲಿಲ್ಲ. “ನಾನು… ವಿಚಾರಣೆ,” ಎಂದಳು.

“ಏನಂತೆ?”

“ವಿಚಾರಣೆ ಅಂತೆ ಅಕ್ಕಾ.”

“ಯಾರ ವಿಚಾರಣೆ?”

“ಬಸ್‌ಸ್ಟ್ಯಾಂಡಲ್ಲಿ ಕೂತಿದ್ರಲ್ಲ, ಅವ್ರು!”

ದೊಡ್ಡಾಕೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬರಿಗಾಲು, ಒದ್ದೆ ಬಟ್ಟೆ, ಕೆದರಿದ ತಲೆ. “ಅವ್ರು ಗಾಜಿನೊಳಗೆ ಕೂತೋರು. ಅವ್ರು ಯಾಕೆ ಇಲ್ಲಿ ಬರ್ತಾರೆ? ನೋಡಮ್ಮಾ, ನಾನು ಕೇಳ್ಕೊಂಡೇ ಬಂದಿದೀನಿ. ಎರಡನೇ ಬಸ್ಸಾ ಅಂದೆ, ಹೂಂ ಅಂದ್ರು. ದಾರಿಯಲ್ಲಿ ಸಿಕ್ಕಿದೋರೆಲ್ಲ ಒಂದೊಂದು ಹೇಳಿದ್ರೆ ಯಾರ ಮಾತು ಕೇಳೋದು? ಒಬ್ಬರನ್ನ ಕೇಳ್ಬೇಕು, ಅವರನ್ನ ನಂಬಬೇಕು. ನಮ್ಮಪ್ಪ ಹಾಗೇ ಹೇಳಿಕೊಟ್ಟಿದಾರೆ.”

ನೀರಿನ ಸದ್ದು ಬದಲಾಗಿತ್ತು. ಅಷ್ಟು ಹೊತ್ತು ಮರಳಿಗೆ ತಾಗುತ್ತಿದ್ದ ನೀರು ಈಗ ನೀರಿಗೇ ತಾಗುತ್ತಿತ್ತು. ಏನು ಹೇಳಿದರೆ ಈ ಹೆಂಗಸು ಏಳುತ್ತಾಳೆ? ‘ನಾನು ತಪ್ಪು ಹೇಳಿದೆ’ ಎಂದರೆ ಆಗುತ್ತಿರಲಿಲ್ಲ. ತಪ್ಪು ಹೇಳಿದವಳೇ ತಾನೆಂದು ಮೊದಲು ನಂಬಬೇಕಲ್ಲ. ಅವಳಿಗೆ ಏನು ತೋಚಿತೋ, ಬಂಡೆಯ ಮೇಲೆ ಮಂಡಿಯೂರಿ ಕೂತು, ಎರಡೂ ಕೈ ಬೆರಳು ಸೇರಿಸಿ ಬಾಯಿಯ ಮುಂದೆ ದುಂಡಗೆ ತೂತು ಮಾಡಿ, ದೊಡ್ಡಾಕೆಯ ಕಿವಿಗೆ ಹಚ್ಚಿ, ಮೈಕಿನ ರಾಗದಲ್ಲಿ ಕೂಗಿದಳು: “ದೀಪದ ಬಂಡೆಯಿಂದ ವಾಪಸ್ಸು ಹೋಗುವ ಪ್ರಯಾಣಿಕರ ಗಮನಕ್ಕೆ. ಎರಡರ ಬಸ್ಸು. ಎರಡು ಗಂಟೆಯ ಬಸ್ಸು!”

ದೊಡ್ಡಾಕೆ ತಿರುಗಿ ಆ ಬೆರಳಿನ ತೂತಿನಲ್ಲಿದ್ದ ಬಾಯಿ ನೋಡಿದಳು. ಮುಖ ಅರಳಿತು.

“ಅಯ್ಯೋ, ಹೌದಲ್ಲೇ! ಅದೇ ಬಾಯಿ! ಮತ್ತೆ ಹೂಂ ಯಾಕಂದೆ?”

“ಅದು ಬೇರೆಯವರಿಗೆ ಅಂದದ್ದು.”

“ಏನಂತೆ?”

“ಬೇರೆಯವರಿಗಂತೆ ಅಕ್ಕಾ, ಏಳೇ ತಾಯಿ, ಏಳು!”

ಇಳಿದರು. ಮುಂದೆ ಚಿಕ್ಕಾಕೆ ಕೊಡೆಯಿಂದ ಮರಳು ಚುಚ್ಚಿ ನೋಡುತ್ತ, ಹಿಂದೆ ಅವಳು ದೊಡ್ಡಾಕೆಯ ರಟ್ಟೆ ಹಿಡಿದು. ತಗ್ಗಿನಲ್ಲಿ ನೀರು ಮಂಡಿ ದಾಟಿ ತೊಡೆಗೆ ಬಂದಿತ್ತು. ಅಲ್ಲಿ ದೊಡ್ಡಾಕೆ ನಿಂತಳು. ಅವಳ ಕೈಬೆರಳು ಇವಳ ಮಣಿಕಟ್ಟನ್ನು ಮೂಳೆ ನೋಯುವ ಹಾಗೆ ಹಿಡಿದಿತ್ತು. “ಬಿಡಲ್ಲ ತಾನೆ?” ಎಂದಳು ಸಣ್ಣಗೆ. ಇವಳು ಹೂಂ ಎನ್ನಲು ಹೋಗಿ, ತಡೆದು, ಅವಳಿಗೆ ಕಾಣುವ ಹಾಗೆ ಮುಖ ತಿರುಗಿಸಿ, ತುಟಿ ಬಿಡಿಸಿ, “ಬಿಡಲ್ಲ,” ಎಂದಳು. ಮೂರೂ ಜನ ತಗ್ಗು ದಾಟಿದರು. ದಾಟುವಾಗ ಚಿಕ್ಕಾಕೆಯ ಚೀಲ ಹೋಯಿತು, ಬಾಳೆಹಣ್ಣಿನ ಸಿಪ್ಪೆ ಸಮೇತ. ಯಾರೂ ಅದರ ಹಿಂದೆ ಹೋಗಲಿಲ್ಲ.

ಬಸ್ಸು ಉದ್ದಕ್ಕೆ ಹಾರ್ನು ಹೊಡೆಯುತ್ತಿತ್ತು. ಕಂಡಕ್ಟರು ಕೈ ಬೀಸುತ್ತಿದ್ದ. ಅವರು ಇನ್ನೂ ಒಣಮರಳಿಗೆ ಹತ್ತುತ್ತಿರುವಾಗಲೇ ಅವನು ಕೈ ಬೀಸುವುದು ಬಿಟ್ಟು ಎರಡೂ ಕೈ ಜೋಡಿಸಿದ. ಬಸ್ಸಿನೊಳಗಿನವರು ಗಲಾಟೆ ಮಾಡುತ್ತಿರಬೇಕು. ಬಸ್ಸು ಹೋಯಿತು.

ಸೋಡದವಳ ಬೆಂಚಿನ ಮೇಲೆ ಮೂವರೂ ಒದ್ದೆ ಬಟ್ಟೆಯಲ್ಲಿ ಸಾಲಾಗಿ ಕೂತರು. ಎದುರಿಗೆ ಹಾದಿ ಇರಲಿಲ್ಲ. ಚಿಕ್ಕಾಕೆ ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು, ಇವಳನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯುವ ಬದಲು ಒದ್ದೆಯಾಗದ ಕರವಸ್ತ್ರ ಎಲ್ಲಿಂದಲೋ ತೆಗೆದು ಇವಳಿಗೆ ಕೊಟ್ಟಳು. “ತಪ್ಪು ನಂದು,” ಎಂದಳು ಇವಳು. ಹೇಳಿಬಿಟ್ಟಮೇಲೆ ಅದು ಬರೀ ಮಾತಾಗಿತ್ತು, ಬೆಂಚಿನ ಮೇಲೆ ಇಟ್ಟ ಸೋಡಾ ಬಾಟಲಿಯಷ್ಟು. “ಅವಳಿಗೆ ನನ್ನ ಮಾತೂ ಕೇಳ್ಸಲ್ಲ,” ಎಂದಳು ಚಿಕ್ಕಾಕೆ. “ಅದಕ್ಕೇ ನಾನು ಪ್ರತಿಯೊಂದನ್ನೂ ಎರಡು ಸಲ ಹೇಳ್ತೀನಿ. ಇವತ್ತು ಬಾಳೆಹಣ್ಣಿಗೆ ಹೋದೆ ನೋಡಿ.”

“ಏನಂತೆ?” ಎಂದಳು ದೊಡ್ಡಾಕೆ.

“ಬಸ್ಸು ಹೋಯ್ತಂತೆ! ಇನ್ನು ಸಂಜೇದೇ!”

ದೊಡ್ಡಾಕೆ ಸೋಡಾ ಗುಟುಕರಿಸಿ, ತೇಗಿ, ಗೆದ್ದವಳ ಹಾಗೆ ಇಬ್ಬರನ್ನೂ ನೋಡಿದಳು. “ನಾನು ಹೇಳಲಿಲ್ವಾ? ಕೊನೆಗೆ ಎರಡನೇ ಬಸ್ಸೇ ಆಯ್ತಲ್ಲ. ವಿಚಾರಣೆಯವರು ಹೇಳಿದ್ದು ಸರಿಯಾಗೇ ಇತ್ತು.”

ಸೋಡದವಳು ಮೊದಲು ನಕ್ಕಳು, ಆಮೇಲೆ ಚಿಕ್ಕಾಕೆ. ಇವಳೂ ನಕ್ಕಳು, ನಗುತ್ತ ಕಣ್ಣು ಒರೆಸಿಕೊಂಡಳು, ಕರವಸ್ತ್ರ ಉಪ್ಪಾಗಿತ್ತು. ಸಂಜೆಗೆ ಇನ್ನೂ ಬಹಳ ಹೊತ್ತಿತ್ತು. ಬಟ್ಟೆ ಮೈಮೇಲೇ ಒಣಗತೊಡಗಿತು. ಚಿಕ್ಕಾಕೆ ಅಕ್ಕನ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಮರಳು ಬಿಡಿಸುತ್ತಿದ್ದಳು. ದೊಡ್ಡಾಕೆ, “ಕಚಗುಳಿ ಕಣೇ,” ಎಂದು ಬೈಯುತ್ತಿದ್ದಳು. ಇವಳು ಅಂಗಡಿಯೊಳಗಿನ ಚೀಲದಿಂದ ತನ್ನ ಫೋನು ತೆಗೆದು, ಒಂದಿಷ್ಟು ಹೊತ್ತು ಕೈಯಲ್ಲೇ ಹಿಡಿದಿದ್ದು, ಒತ್ತಿದಳು.

“ಏನೇ, ಡ್ಯೂಟಿ ಹೊತ್ತಲ್ಲಿ?” ಎಂದಳು ಅಕ್ಕ. “ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಅವತ್ತು ನೀನು ಒಂದು ಕೇಳಿದ್ಯಲ್ಲ…”

“ಏನು?”

“ಬಂದು ನನ್ನ ಜೊತೆ ಇರ್ಲಾ ಅಂತ. ನಾನು ಸರಿಯಾಗಿ ಹೇಳ್ಲಿಲ್ಲ. ಮಂಚ ಕಿಟಕಿ ಹತ್ರ ಹಾಕಬಹುದು. ಬರ್ತೀಯಾ ಅಕ್ಕಾ?”

ಆ ಕಡೆ ಪಾತ್ರೆ ಕುಕ್ಕಿದ ಸದ್ದು. ಈ ಕಡೆ ಗಾಳಿ. ಆಮೇಲೆ ಅಕ್ಕ, “ಹೂಂ,” ಎಂದಳು.

ಎಂಥ ಹೂಂ ಅದು? ಬರ್ತೀನಿ ಅನ್ನುವ ಹೂಂ? ಕೇಳಿಸಿಕೊಂಡೆ ಅನ್ನುವ ಹೂಂ? ಈಗ ನೆನಪಾಯ್ತಾ ಅನ್ನುವ ಹೂಂ? ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಳು, ಗಾಜಿಗೆ ಕಿವಿಯಿಟ್ಟವಳ ಹಾಗೆ.

“ಯಾರದು ಫೋನು?” ಎಂದಳು ದೊಡ್ಡಾಕೆ.

“ಅವರಕ್ಕಂದು,” ಎಂದಳು ಚಿಕ್ಕಾಕೆ.

“ಏನಂತೆ?”

“ಹೂಂ ಅಂತೆ,” ಎಂದಳು ವಿಚಾರಣಕ್ಕ ತಾನೇ, ದೊಡ್ಡಾಕೆಗೆ ಕಾಣುವ ಹಾಗೆ ತುಟಿ ಬಿಡಿಸಿ.

“ಬರೀ ಹೂಂ ಆದ್ರೆ ಆಗ್ಲಿಲ್ಲ,” ಎಂದಳು ದೊಡ್ಡಾಕೆ. “ಇನ್ನೊಂದು ಸಲ ಕೇಳು.”

ಅವಳು ಗಾಳಿಗೆ ಬೆನ್ನು ತಿರುಗಿಸಿ, ಬಾಯಿಯ ಸುತ್ತ ಕೈ ಗೋಲ ಮಾಡಿ, ಇನ್ನೊಂದು ಸಲ ಕೇಳಿದಳು.